ಹತ್ತು ಎಣಿಕೆಯ ಮೌನ

"ಗುರುಗಳೇ, ಹಗ್ಗವೆಂದು ತಿಳಿದ ಮೇಲೆ ಹಾವಿನ ಭಯ ಉಳಿಯದು ಎನ್ನುತ್ತಾರೆ. ಹಾಗಾದರೆ ನಿಜ ತಿಳಿದವನಿಗೆ ಭಯವೇ ಇಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಜಪಾನ್ ದೇಶದಲ್ಲಿ ಒಬ್ಬ ಸಂಗೀತ ರಚನಕಾರನಿದ್ದ. ಅವನು ಹಾಡುವವನಲ್ಲ, ನುಡಿಸುವವನೂ ಅಲ್ಲ. ಎಂಬತ್ತು ಮಂದಿ ಒಟ್ಟಿಗೆ ಕೂತು ನುಡಿಸುವ ಪಾಶ್ಚಾತ್ಯ ಶೈಲಿಯ ಸಂಗೀತವನ್ನು ಕಾಗದದ ಮೇಲೆ ಬರೆಯುವವನು. ತನ್ನ ಮೊದಲ ಕೃತಿಯ ನಡುವೆ ಅವನು ಹತ್ತು ಎಣಿಕೆಯಷ್ಟು ಮೌನ ಬರೆದ. ಆಗ ಎಂಬತ್ತು ಮಂದಿಯೂ ನುಡಿಸುವುದನ್ನು ನಿಲ್ಲಿಸಬೇಕು. ಗುಡಿಯ ಗಂಟೆ ನಿಂತ ಮೇಲಿನ ಮೌನಕ್ಕೂ ಕಿವಿಗೊಡುವ ನಾಡು ಅವನದು. ಕೃತಿಯ ಪ್ರಾಣ ಅಲ್ಲೇ ಇದೆ ಎಂದು ಅವನು ನಂಬಿದ್ದ.

ಮೊದಲ ಕಚೇರಿಯಲ್ಲಿ ಆ ಮೌನ ಬಂತು. ಅವನು ಕಣ್ಣು ಮುಚ್ಚಿ ಎಣಿಸುತ್ತ ಕೂತಿದ್ದ. ನಾಲ್ಕು ಎಣಿಸುವಷ್ಟರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮತ್ತೊಬ್ಬರು ನಕ್ಕರು. ಕೊನೆಗೆ ಸಭೆಯೇ ನಕ್ಕಿತು. ರಚನಕಾರನಿಗೆ ಕಣ್ಣು ತೆರೆಯುವ ಧೈರ್ಯ ಆಗಲಿಲ್ಲ.

ಅಂದಿನಿಂದ ಅವನು ಮೌನ ಬರೆಯಲಿಲ್ಲ. ವಾದ್ಯಗಳೆಲ್ಲ ನಿಲ್ಲುವ ಕಡೆ ಬಂದರೆ ಅವನ ಬೆನ್ನು ಬೆವರುತ್ತಿತ್ತು. ಕೂಡಲೇ ಅಲ್ಲೊಂದು ನಗಾರಿಯ ಸದ್ದು ತುರುಕುತ್ತಿದ್ದ. ಪಂಡಿತರು ಅದನ್ನು 'ಅಖಂಡ ಪ್ರವಾಹ' ಎಂದು ಹೊಗಳಿದರು. ಪಂಡಿತರಿಗೇನು, ಹೊಗಳುವುದಕ್ಕೊಂದು ಹೆಸರು ಸಿಕ್ಕರೆ ಸಾಕು. ಬಿರುದುಗಳು ಬಂದವು, ಹೊರದೇಶಗಳಿಂದ ಕರೆ ಬಂತು. ಅವನು ಮಾತ್ರ ಪ್ರತಿ ಕಚೇರಿಯಲ್ಲೂ ಯಾರಾದರೂ ನಕ್ಕಾರೇ ಎಂದು ಕಿವಿ ನಿಮಿರಿಸಿ ಕೂತಿರುತ್ತಿದ್ದ. ಚಪ್ಪಾಳೆ ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ನಲವತ್ತು ವರ್ಷ ಕಳೆಯಿತು. ಊರಿನವರು ಅವನನ್ನು ಸನ್ಮಾನಿಸಲೆಂದು ಅದೇ ಮೊದಲ ಕೃತಿಯನ್ನು ನುಡಿಸಲು ನಿಶ್ಚಯಿಸಿದರು. ಸುದ್ದಿ ಕೇಳಿದ ದಿನದಿಂದ ಅವನಿಗೆ ಊಟ ಸೇರಲಿಲ್ಲ. ಅಭ್ಯಾಸದ ದಿನ, ಆ ಮೊದಲ ಕಚೇರಿಯಲ್ಲಿ ನುಡಿಸಿದ್ದ ನಗಾರಿಯವನು ಬಂದು ತಲೆ ಬಾಗಿಸಿದ. ಅವನೂ ಮುದುಕನಾಗಿದ್ದ.

"ಅಂದು ಜನ ನಕ್ಕದ್ದು ನಿಮ್ಮ ಮೌನಕ್ಕಲ್ಲ ಸ್ವಾಮಿ. ನಾನು ಎಣಿಕೆ ತಪ್ಪಿ ಹೊಡೆಯಲು ಕೋಲೆತ್ತಿದೆ. ತಡೆಯಲೆಂದು ಪಕ್ಕದವನು ನನ್ನ ತೋಳಿಗೆ ಜೋತುಬಿದ್ದ. ಅದನ್ನು ಕಂಡು ನಕ್ಕರು."

"ಇಷ್ಟು ವರ್ಷ ಯಾಕಯ್ಯಾ ಹೇಳಲಿಲ್ಲ?"

"ಕೆಲಸ ಹೋದೀತೆಂದು ಹೆದರಿದೆ."

ರಚನಕಾರನಿಗೆ ಹೋದ ಜೀವ ಬಂದಂತಾಯಿತು. ಅವನ ಮೌನದಲ್ಲಿ ತಪ್ಪಿರಲಿಲ್ಲ. ಮುದುಕನ ಕೈ ಹಿಡಿದು ಅತ್ತ, ಅವನನ್ನು ಕ್ಷಮಿಸಿದ. ಆಮೇಲೆ ಆ ಹತ್ತು ಎಣಿಕೆಯ ಪುಟ ತೆರೆದು ಖಾಲಿ ಗೆರೆಗಳನ್ನು ನೋಡಿದ. ಬೆನ್ನು ಬೆವರಿತು. ಪೆನ್ಸಿಲ್ ತೆಗೆದು ಹತ್ತು ಎಣಿಕೆಗೂ ನಗಾರಿ ಬರೆದ. ಹಾಳೆಯನ್ನು ಆ ಮುದುಕನ ಕೈಗೇ ಕೊಟ್ಟ. ಕಚೇರಿಯ ದಿನ ಯಾರೂ ನಗಲಿಲ್ಲ. ಆ ಮೌನವನ್ನು ಲೋಕ ಒಮ್ಮೆಯೂ ಪೂರ್ತಿ ಕೇಳಲಿಲ್ಲ.

"ನಿಜ ತಿಳಿದ ಮೇಲೂ ನಗಾರಿ ಬರೆದನೇ?" ಎಂದ ಶಿಷ್ಯ.

ಗುರುಗಳು ಹೇಳಿದರು: "ತಿಳಿದದ್ದು ತಲೆಗೆ, ನಲವತ್ತು ವರ್ಷ ಹೆದರಿದ್ದು ಕೈ."