ಜೋಳಕ್ಕೆ ಬೆಂಕಿ ಇಟ್ಟ ದಂಡನಾಯಕ

“ಗುರುಗಳೇ, ನ್ಯಾಯದ ಕೆಲಸ ಮಾಡಿದವನಿಗೆ ನೆಮ್ಮದಿ ಸಿಗಬೇಕಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಬೊಮ್ಮನಾಯಕನೆಂಬ ದಂಡನಾಯಕನಿದ್ದ. ಪರಂಗಿಯವರು ಅವನ ಸೀಮೆಯನ್ನು ಕಬಳಿಸಲು ಬಂದಾಗ ಹಳ್ಳಿಯ ಜನರನ್ನು ಕೂಡಿಸಿಕೊಂಡು ಗುಡ್ಡ ಸೇರಿದ. ಬಹಳ ವರ್ಷ ಕಾದಾಡಿದ. ಜಹಗೀರು ಕೊಡುತ್ತೇವೆ, ಕತ್ತಿ ಕೆಳಗಿಡು ಎಂದು ಪರಂಗಿಯವರು ಹೇಳಿಕಳುಹಿಸಿದರು. ಅವನು ಇಡಲಿಲ್ಲ.

ಒಂದು ಸುಗ್ಗಿಯಲ್ಲಿ ಪರಂಗಿಯವರ ದೊಡ್ಡ ದಂಡು ಹೊರಟಿತು. ಅದರ ಬಳಿ ದವಸವಿರಲಿಲ್ಲ; ದಾರಿಯ ಊರುಗಳ ಬೆಳೆಯನ್ನೇ ನಂಬಿ ಬರುತ್ತಿತ್ತು. ಎದುರು ನಿಂತರೆ ಸೋಲು ಖಚಿತ. ಬೊಮ್ಮನಾಯಕ ತನ್ನವರ ಹೊಲಗಳಿಗೇ ಬೆಂಕಿ ಇಡಲು ಹೇಳಿದ. ಮೊದಲ ಹೊಲಕ್ಕೆ ತಾನೇ ಇಟ್ಟ. ಕೊಯ್ಲಿಗೆ ನಿಂತಿದ್ದ ಜೋಳ ಮಧ್ಯಾಹ್ನದೊಳಗೆ ಬೂದಿಯಾಯಿತು. ದಂಡು ಹಸಿವು ತಾಳದೆ ಹಿಂದಿರುಗಿತು. ಸೀಮೆ ಉಳಿಯಿತು. ಆದರೆ ಆ ಬೇಸಿಗೆಯಲ್ಲಿ ಊರವರು ಅನೇಕರು ಅನ್ನವಿಲ್ಲದೆ ಸತ್ತರು.

ಎಲ್ಲರೂ ಅವನನ್ನು ಹೊಗಳಿದರು. ಅವನಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಅವನು ಮೊದಲು ಬೆಂಕಿ ಇಟ್ಟ ಹೊಲ ಹಾಲವ್ವನೆಂಬ ಮುದುಕಿಯದು. ಅವಳ ಮೊಮ್ಮಗಳೂ ಸತ್ತವರಲ್ಲಿ ಒಬ್ಬಳು. ಅವಳ ಮನೆಗೆ ಹೋದ. ಹಾಲವ್ವ ಕಂಬಳಿ ಹಾಸಿದಳು, ಕುಡಿಯಲು ನೀರು ಕೊಟ್ಟಳು.

“ಅವ್ವಾ, ನನ್ನನ್ನು ಒಂದು ಮಾತು ಬೈದುಬಿಡು,” ಎಂದ.

“ಬೈದರೆ ನಿನ್ನ ಭಾರ ಇಳಿದೀತು ತಮ್ಮಾ. ನನ್ನದು ಇಳಿಯುವುದಿಲ್ಲ,” ಎಂದಳು.

ಮುಂದಿನ ಸುಗ್ಗಿಗೆ ದಂಡು ಮತ್ತೆ ಬಂತು. ಹೋದ ಸಲ ಗೆದ್ದದ್ದು ಬೆಂಕಿಯಿಂದಲೇ, ಈ ಸಲವೂ ಇಡೋಣ ಎಂದರು ಸರದಾರರು. ಬೊಮ್ಮನಾಯಕ ಒಪ್ಪಲಿಲ್ಲ. ಸೈನಿಕರ ಕೈಗೆ ಕುಡುಗೋಲು ಕೊಟ್ಟು ಹೊಲಗಳಿಗೆ ಕಳಿಸಿದ. ಕಾಳೆಲ್ಲ ಗುಡ್ಡ ಏರುವವರೆಗೆ ಬೆರಳೆಣಿಕೆಯ ಜನರೊಂದಿಗೆ ಕಣಿವೆಯಲ್ಲಿ ದಂಡನ್ನು ತಡೆದು ನಿಂತ. ಅಲ್ಲಿ ಅವನ ಒಂದು ಕಾಲು ಹೋಯಿತು. ಬರಿದಾದ ಹೊಲಗಳನ್ನು ಕಂಡು ದಂಡು ಹಿಂದಿರುಗಿತು. ಆ ವರ್ಷ ಊರಲ್ಲಿ ಯಾರೂ ಉಪವಾಸ ಬೀಳಲಿಲ್ಲ.

ಕಾಲ ಕಳೆದು ಪರಂಗಿಯವರು ನಾಡನ್ನೇ ಬಿಟ್ಟುಹೋದರು. ಬೊಮ್ಮನಾಯಕ ಮುದುಕನಾದ. ಆದರೂ ಜೋಳ ತೆನೆಗಟ್ಟಿದೊಡನೆ ಊರುಗೋಲು ಹಿಡಿದು ಬದುಗಳ ಮೇಲೆ ಅಲೆಯುತ್ತಿದ್ದ. ರಾಶಿ ಮುಗಿಯುವವರೆಗೆ ಮನೆಯೊಳಗೆ ಮಲಗುತ್ತಿರಲಿಲ್ಲ. ಹಾಗೆ ಅಲೆಯುತ್ತಲೇ ಒಂದು ಸುಗ್ಗಿಯಲ್ಲಿ ಯಾರದೋ ಹೊಲದಲ್ಲಿ ಸತ್ತ.

ಶಿಷ್ಯ ಚಡಪಡಿಸಿದ. “ಸೀಮೆಯನ್ನೇ ಉಳಿಸಿದವನಿಗೆ ಕೊನೆಗೂ ನೆಮ್ಮದಿ ಸಿಗಲಿಲ್ಲವೇ?”

ಗುರುಗಳು ಕೇಳಿದರು: “ಅಂಥ ಬೆಂಕಿ ಇಟ್ಟೂ ನೆಮ್ಮದಿಯಾಗಿ ಮಲಗಬಲ್ಲವನ ಕೈಗೆ ನಿನ್ನ ಊರನ್ನು ಒಪ್ಪಿಸುತ್ತೀಯಾ?”