ಮೂಕನಬಯಲಿಗೆ ಬಂದ ಐದು ಚಿಗರಿಗಳು

ಕರಿಕಲ್ಲುಕಾಡಿಗೂ ನೇರಳೆಕಾಡಿಗೂ ನಡುವೆ ಒಂದು ಬಯಲಿದೆ. ಅದಕ್ಕೆ ಮೂಕನಬಯಲು ಎಂದು ಹೆಸರು. ಬಿಸಿಲಿನಲ್ಲಿ ನೋಡಿದರೆ ನೀವೂ “ಎಷ್ಟು ಚೆಂದ, ಇಲ್ಲೇ ಆಡೋಣ” ಎನ್ನುತ್ತೀರಿ. ಆಡಬೇಡಿ, ಮಕ್ಕಳೇ. ಮೊದಲು ಈ ಕತೆ ಕೇಳಿ.

ಬಯಲಿನ ಒಂದು ಬದಿಗೆ ದಿಬ್ಬವಿದೆ. ಇನ್ನೊಂದು ಬದಿಗೆ ಹುದುಲು. ಹುದುಲೆಂದರೆ ಮೇಲೆ ಹಸಿರು ಹುಲ್ಲು, ಕೆಳಗೆ ತಳವಿಲ್ಲದ ಕೆಸರು. ಕಾಲಿಟ್ಟವರನ್ನು ಒಳಕ್ಕೆಳೆದುಕೊಂಡು, ಮತ್ತೆ ಹುಲ್ಲು ಹೊದ್ದು, ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತದೆ. ಹುದುಲಿನ ಆಚೆ ಒಂದು ದೊಡ್ಡ ಕರಿಕಲ್ಲು. ಬಯಲಿನಲ್ಲಿ ನಿಂತು “ಓ” ಎಂದರೆ ಆ ಕಲ್ಲು ನಿಮ್ಮದೇ ದನಿಯಲ್ಲಿ “ಓ” ಎನ್ನುತ್ತದೆ. ಆ ಕಾಡಿನ ಮರಿಗಳಿಗೆ ಕಣ್ಣು ಬಿಟ್ಟ ಕೂಡಲೇ ಹೇಳಿಕೊಡುವ ಮೊದಲ ಪಾಠ, “ಕಲ್ಲು ಕೂಗಿದರೆ ಓಗೊಡಬೇಡ.”

ವರ್ಷಕ್ಕೊಮ್ಮೆ, ಪುಷ್ಯ ಮಾಸದ ದಟ್ಟ ಮಂಜಿನ ಬೆಳಗ್ಗೆ, ಎರಡೂ ಕಾಡುಗಳ ನಡುವೆ ಇಲ್ಲಿ ಚೆಂಡಾಟ ನಡೆಯುತ್ತಿತ್ತು. ಚೆಂಡೆಂದರೆ ಒಣಗಿದ ಬೇಲದ ಕಾಯಿ. ಉರುಳಿದರೆ ಅದರೊಳಗಿನ ತಿರುಳು ಲೊಡಲೊಡ ಎನ್ನುತ್ತದೆ. ತಂಡಕ್ಕೆ ಐವರು. ಬಯಲಿನ ಎರಡು ತುದಿಗೆ ಎರಡು ಹುತ್ತ; ಎದುರಾಳಿಯ ಹುತ್ತಕ್ಕೆ ಚೆಂಡು ಬಡಿಯಬೇಕು. ಗೆದ್ದ ಕಾಡಿಗೆ ಬೇಸಿಗೆಯುದ್ದಕ್ಕೂ, ಎರಡೂ ಕಾಡಿಗಿರುವ ಒಂದೇ ಹೊಂಡದ ಮೊದಲ ನೀರು. ಸೋತವರಿಗೆ ಅವರು ಕುಡಿದು ಕಲಕಿ ಬಿಟ್ಟ ರಾಡಿ.

ಮಂಜಿನಲ್ಲೇ ಯಾಕೆ ಆಡಬೇಕು ಎಂದು ಕೇಳುತ್ತೀರಿ, ಗೊತ್ತು. ಮಂಜಿನಲ್ಲಿ ದೊಡ್ಡವರು, ಚಿಕ್ಕವರು ಎಲ್ಲ ಒಂದೇ ಎಂದು ಹಿಂದಿನವರು ಹಾಗೆ ಮಾಡಿಟ್ಟರು. ಆಟಗಾರರ ಮನೆಯವರೆಲ್ಲ ದಿಬ್ಬದ ಮೇಲೆ ಕೂತು ಕೂಗುತ್ತಿದ್ದರು. ಅವರಿಗೂ ಏನೂ ಕಾಣುತ್ತಿರಲಿಲ್ಲ. ಆದರೆ ತಾಯಿಗೆ ಮಗಳ ಹೆಜ್ಜೆಯ ಸದ್ದು ಗೊತ್ತಿರುತ್ತದಲ್ಲ? “ನಿಂಗೀ, ಹಿಂದಕ್ಕೆ ಸರಿಯೇ!” “ಕೆಂಚಾ, ಹುದುಲು ಹತ್ರ ಆಯ್ತು ಕಣೋ!” ಹೆಸರು ಕೂಗುವವರಿದ್ದುದರಿಂದ ಎಲ್ಲರೂ ಮನೆ ಸೇರುತ್ತಿದ್ದರು.

ಕರಿಕಲ್ಲುಕಾಡಿನ ತಂಡ ಕಟ್ಟುವವನು ಗವಿಯಪ್ಪನೆಂಬ ಕರಿಮೂತಿಯ ಮುಸುವ ಕೋತಿ. ಅವನು ಕೂರುವುದು ಬಯಲಿನ ಅಂಚಿಗಿರುವ, ಕಾಡಿನ ಅತ್ಯುನ್ನತ ಮರದ ತುದಿಯಲ್ಲಿ. ಅಲ್ಲಿಂದ ಮೂರು ಸೀಮೆ ಕಾಣುತ್ತಿತ್ತು, ಮರದ ಬುಡ ಮಾತ್ರ ಕಾಣುತ್ತಿರಲಿಲ್ಲ. ಎರಡು ವರ್ಷ ಸತತವಾಗಿ ಸೋತಾಗ ಅವನು ತನ್ನ ಆಟಗಾರರನ್ನೆಲ್ಲ ಮರದಡಿಗೆ ಕರೆದ.

“ನಿಮ್ಮಿಂದ ಆಗಲ್ಲ. ಈ ಸಲ ಬೇರೆಯವರು ಆಡ್ತಾರೆ” ಎಂದ.

“ಬೇರೆಯವರು ಅಂದ್ರೆ ಯಾರಣ್ಣ?” ಎಂದಳು ಮೊಲ ನಿಂಗಿ. ಹುದುಲಿನ ಅಂಚಿನಲ್ಲಿ ಆಡುವುದರಲ್ಲಿ ಅವಳದು ಎತ್ತಿದ ಕೈ.

“ಬಯಲುಸೀಮೆಯ ಚಿಗರಿ ಜಿಂಕೆಗಳು. ಐದಕ್ಕೆ ಐದೂ. ಒಂದೊಂದು ನೆಗೆತಕ್ಕೆ ನಿನ್ನಂಥ ಹತ್ತು ಮೊಲ ದಾಟ್ತಾವೆ.”

ಕಾಡುಹಂದಿ ಕೆಂಚನಿಗೆ ಉರಿದುಹೋಯಿತು. “ಹಿತ್ತಲ ಗಿಡ ಮದ್ದಲ್ಲ ಅನ್ನು, ಗವಿಯಪ್ಪ! ಐದರಲ್ಲಿ ಒಬ್ಬರಾದ್ರೂ ನಮ್ಮೋರು ಬೇಡ್ವಾ?”

“ಬೇಡ” ಎಂದು ಗವಿಯಪ್ಪ ಮೇಲಿನ ಕೊಂಬೆಗೆ ಹಾರಿದ. ಮಾತು ಮುಗಿಯಿತು.

ಅವನು ಬಯಲುಸೀಮೆಗೆ ಹೋಗಿ, ಹುಲ್ಲು ಒಣಗಿದ ಕರಿಮಣ್ಣಿನ ನಾಡಿನಲ್ಲಿ ಮೇಯುತ್ತಿದ್ದ ಚಿಗರಿಗಳ ಹಿಂಡಿನ ಮುಂದೆ ನಿಂತು, ವರ್ಷವಿಡೀ ಹಸಿರು ಮೇವಿನ ಆಸೆ ತೋರಿಸಿದ. ಹಿಂಡಿನ ತಾಯಂದಿರಿಗೆ “ಮಕ್ಕಳನ್ನ ಜೋಪಾನವಾಗಿ ನೋಡ್ಕೋತೀನಿ” ಎಂದು ಎದೆ ಮುಟ್ಟಿ ಮಾತು ಕೊಟ್ಟ. ಐವರನ್ನು ಕರೆದುಕೊಂಡು ಬಂದ.

ನಿಜ ಹೇಳಬೇಕು, ಆ ಚಿಗರಿಗಳ ಓಟ ನೋಡಿದರೆ ಯಾರಿಗಾದರೂ ಬೆರಗಾಗಬೇಕು. ನೇರಳೆಕಾಡಿನವರ ಕಣ್ಣಿಗೆ ಬೀಳಬಾರದೆಂದು ಗವಿಯಪ್ಪ ಅವರನ್ನು ಮೂಕನಬಯಲಿಗೆ ಇಳಿಸಲೇ ಇಲ್ಲ. ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ, ಚುರುಚುರು ಬಿಸಿಲಿನಲ್ಲಿ ಆಡಿಸಿದ. ಹೆಸರು ನೆನಪಿಡುವ ಗೋಜಿಗೂ ಹೋಗಲಿಲ್ಲ. “ಒಂದು, ಮುಂದೆ ಹೋಗು! ಮೂರು, ಚೆಂಡು ಕೊಡು!” ಎನ್ನುತ್ತಿದ್ದ.

“ನಮಗ ಹೆಸರು ಅದಾವ್ರಿ” ಎಂದ ಒಂದು ದಿನ ಅವರಲ್ಲಿ ಹಿರಿಯವನು.

“ಗೆದ್ದ ಮೇಲೆ ಕೇಳ್ತೀನಿ” ಎಂದ ಗವಿಯಪ್ಪ.

ಕಾಡಿನ ಉಳಿದವರೂ ಕೇಳಲಿಲ್ಲ. “ಆ ಬಯಲಿನವು” ಎಂದು ಮೂಗು ಮುರಿಯುತ್ತಿದ್ದರು. ಚಿಗರಿಗಳು ಮೇಯಲು ಬಂದರೆ ಇವರು ಎದ್ದು ಬೇರೆ ಕಡೆ ಹೋಗುತ್ತಿದ್ದರು.

ಆಟಕ್ಕೆ ಎರಡು ದಿನ ಇರುವಾಗ ಆ ಹಿರಿಯ ಚಿಗರಿ ನಿಂಗಿಯ ಬಿಲದ ಹತ್ತಿರ ಬಂದು ನಿಂತ.

“ಅಕ್ಕಾರ, ನಾನು ಮಲ್ಲೇಶಿ ಅಂತ. ನೀವು ಮೊದಲ ಆಡಿದವರಂತ. ಆ ಮೂಕನಬಯಲು ಹ್ಯಾಂಗೈತ್ರಿ? ಮಂಜು ಅಂತಾರ, ನಾವು ಕಂಡವರಲ್ಲ. ನಮ್ಮ ಕಡೆ ನಿಂತಲ್ಲಿಂದ ಮುಗಿಲ ಅಂಚಿನ ತನಕ ಎಲ್ಲಾ ಕಾಣತೈತಿ.”

ನಿಂಗಿಯ ನಾಲಿಗೆ ತುದಿಗೆ ಎಲ್ಲವೂ ಬಂತು. ಹುದುಲು ಯಾವ ಕಡೆ, ಕಲ್ಲು ಹೇಗೆ ಮೋಸ ಮಾಡುತ್ತದೆ, ಎಲ್ಲ. ಆದರೆ ಅದರ ಹಿಂದೆಯೇ ಸಿಟ್ಟೂ ಬಂತು. ನನ್ನ ಜಾಗ ಕಿತ್ತುಕೊಂಡು ಈಗ ನನ್ನನ್ನೇ ಕೇಳುತ್ತಾನಲ್ಲ!

“ನಂಗೇನ್ ಗೊತ್ತು? ನಿಮ್ಮ ಗವಿಯಪ್ಪನ್ನೇ ಕೇಳ್ಕೊಳ್ಳಿ” ಎಂದು ಬಿಲದೊಳಗೆ ಹೋದಳು.

“ಆತ್ರಿ ಅಕ್ಕಾರ” ಎಂದ ಮಲ್ಲೇಶಿ. ಬಂದ ದಾರಿ ಹಿಡಿದು ಹೋದ.

ಆಟದ ದಿನ ಬೆಳಗಾಯಿತು. ಮಂಜು ಹಾಲಿನ ಕೆನೆಯ ಹಾಗೆ ದಪ್ಪಗಿತ್ತು. ದಿಬ್ಬದ ಮೇಲೆ ಒಂದು ಕಡೆ ನೇರಳೆಕಾಡಿನವರು, ಇನ್ನೊಂದು ಕಡೆ ಕರಿಕಲ್ಲುಕಾಡಿನವರು ಕೂತರು. ನೇರಳೆಕಾಡಿನ ತಾಯಂದಿರು ಆಗಲೇ ಕೂಗತೊಡಗಿದ್ದರು. ಕೆಂಚ ತನ್ನ ಕಡೆಯವರನ್ನು ತಿರುಗಿ ನೋಡಿದ.

“ಯಾರೂ ಬಾಯಿ ಬಿಡಬೇಡಿ. ಕರ್ಕೊಂಡು ಬಂದೋನೇ ಕೂಗ್ಲಿ.”

ಕರಿಕಲ್ಲುಕಾಡು ಬಾಯಿಗೆ ಬೀಗ ಹಾಕಿಕೊಂಡು ಕೂತಿತು. ನಿಂಗಿಯೂ ಕೂತಳು.

ಐವರು ಚಿಗರಿಗಳ ಗೊರಸುಗಳು ಮಂಜಿನೊಳಗೆ ಇಳಿದವು. ಬೇಲದ ಕಾಯಿ ಲೊಡಲೊಡ ಉರುಳಿತು. ಎಂಥ ಓಟ! ಟಪಟಪ ಸದ್ದು ಈ ತುದಿಯಿಂದ ಆ ತುದಿಗೆ ಕ್ಷಣದಲ್ಲಿ ಹೋಗಿ ಬರುತ್ತಿತ್ತು. ಮರದ ತುದಿಯಲ್ಲಿ ಗವಿಯಪ್ಪ ಚಪ್ಪಾಳೆ ತಟ್ಟಿದ. ಅವನಿಗೆ ಕೆಳಗೆ ಬರೀ ಬಿಳುಪು ಕಾಣುತ್ತಿತ್ತು.

ಅಷ್ಟರಲ್ಲಿ ಒಬ್ಬರ ಗೊರಸಿನ ಸದ್ದು ಉಳಿದವರಿಂದ ದೂರವಾಯಿತು. ಮಂಜಿನೊಳಗಿಂದ ಒಂದು ಹೆಣ್ಣುದನಿ ಕೇಳಿತು.

“ಎಲ್ಲದೀರೋ? ಬರ್ರೋ!”

ಹುದುಲಿನ ಆಚೆಯಿಂದ ಉತ್ತರ ಬಂತು. “ಬರ್ರೋ... ಬರ್ರೋ...”

ಮಕ್ಕಳೇ, ಸ್ವಲ್ಪ ಯೋಚಿಸಿ. ಚಿಗರಿಗಳು ಹುಟ್ಟಿ ಬೆಳೆದದ್ದು ಬಟಾಬಯಲಿನಲ್ಲಿ. ಅಲ್ಲಿ ದನಿಯನ್ನು ತಿರುಗಿಸಿ ಕಳಿಸಲು ಕಲ್ಲೂ ಇಲ್ಲ, ಬೆಟ್ಟವೂ ಇಲ್ಲ. ಕೂಗಿದ ಕೂಗು ಹೋದರೆ ಹೋಯಿತು. ಪ್ರತಿದನಿ ಎಂಬುದನ್ನೇ ಅವು ಕೇಳಿರಲಿಲ್ಲ. ಇಡೀ ಕಾಡಿನಲ್ಲಿ ತಮ್ಮ ಮಾತಾಡುವವರು ತಾವು ಐವರೇ. ಆ ಕುರುಡು ಮಂಜಿನಲ್ಲಿ ತಮ್ಮೂರಿನ ಮಾತಿನಲ್ಲಿ ಯಾರೋ “ಬರ್ರೋ” ಎಂದರೆ ಅವು ಏನೆಂದುಕೊಳ್ಳಬೇಕು?

“ಬಂದೆ!” ಎಂದಿತು ಆ ಹೆಣ್ಣುದನಿ, ಸಂತೋಷದಿಂದ.

“ಬಂದೆ...” ಎಂದಿತು ಕಲ್ಲು.

ಗೊರಸಿನ ಸದ್ದು ಹುದುಲಿನ ಕಡೆಗೆ ಓಡಿತು. ಗಟ್ಟಿ ನೆಲದ ಟಪಟಪ ಮೆತ್ತಗಾಯಿತು. ಆಮೇಲೆ ಪಚಕ್ ಎಂದು ಒಂದು ಸಣ್ಣ ಸದ್ದು. ಮತ್ತೇನೂ ಕೇಳಲಿಲ್ಲ.

“ನೀಲವ್ವಾ!” ಎಂದು ಮಂಜಿನೊಳಗೆ ಇನ್ನೊಬ್ಬ ಕೂಗಿದ. “ನೀಲವ್ವಾ...” ಎಂದಿತು ಆ ಕಡೆಯ ದನಿ. ಅವನೂ ಅತ್ತ ಓಡಿದ. ಅವನ ಹಿಂದೆ ಮತ್ತಿಬ್ಬರು, “ಬಂದ್ವಿ! ನಿಂದರ್ರೋ, ಬಂದ್ವಿ!” ಎನ್ನುತ್ತ ಓಡಿದರು. ಕಲ್ಲೂ “ಬಂದ್ವಿ, ಬಂದ್ವಿ” ಎನ್ನುತ್ತಿತ್ತು.

ನೇರಳೆಕಾಡಿನವರ ಚೆಂಡು ಒಮ್ಮೆ ಹುತ್ತಕ್ಕೆ ಬಡಿಯಿತು. ಇನ್ನೊಮ್ಮೆ ಬಡಿಯಿತು. ಯಾರೂ ಅಡ್ಡ ಬರಲಿಲ್ಲ. ಅವರ ನಾಯಕಿ ಕಾಡುಕುರಿ ಆಟ ನಿಲ್ಲಿಸಿ, ಹೆದರಿದ ದನಿಯಲ್ಲಿ ಕೇಳಿದಳು.

“ನಾವು ಯಾರ ಜೊತೆ ಆಡ್ತಾ ಇದೀವಿ? ಎದುರಿಗೆ ಯಾರೂ ಇಲ್ವಲ್ರೋ!”

ನಿಂಗಿ ಎದ್ದು ನಿಂತಳು. “ಕೂಗ್ರೀ! ಅವರ ಹೆಸರು ಹಿಡಿದು ಕೂಗ್ರೀ!” ಎಂದು ಕಿರುಚಿದಳು. ದಿಬ್ಬದವರು ಒಬ್ಬರ ಮುಖ ಒಬ್ಬರು ನೋಡಿದರು. ಯಾವ ಹೆಸರು ಕೂಗುವುದು? ಮರದ ಮೇಲಿಂದ ಗವಿಯಪ್ಪ, “ಎರಡೂ! ನಾಲ್ಕೂ! ಎಲ್ಲಿದೀರಾ?” ಎಂದು ಕೂಗಿದ. “ಎಲ್ಲಿದೀರಾ...” ಎಂದು ಕಲ್ಲು ಕೇಳಿತು.

ಒಬ್ಬರ ಗೊರಸು ಮಾತ್ರ ಇನ್ನೂ ಸದ್ದು ಮಾಡುತ್ತಿತ್ತು. ಅದೂ ಹುದುಲಿನ ಕಡೆಗೆ ಹೆಜ್ಜೆ ಹಾಕುತ್ತಿತ್ತು. ನಿಂಗಿಗೆ ಗೊತ್ತಿದ್ದದ್ದು ಒಂದೇ ಹೆಸರು. ಅವಳು ದಿಬ್ಬದಿಂದ ಜಿಗಿದು ಮಂಜಿನೊಳಗೆ ಓಡಿದಳು.

“ಮಲ್ಲೇಶೀ! ಈ ಕಡೆ! ಆ ಕೂಗು ನಿಮ್ಮೋರದ್ದಲ್ಲ, ಬರೀ ಕಲ್ಲು! ಮಲ್ಲೇಶೀ!”

“ಮಲ್ಲೇಶೀ...” ಎಂದಿತು ಕಲ್ಲು. ಗೊರಸು ನಿಂತಿತು. ಎರಡು ಕಡೆಯಿಂದ ಎರಡು ಕೂಗು. ಯಾವುದು ನಿಜ? ನಿಂಗಿ ಬಾಯಿ ಮುಚ್ಚಿ, ಹಿಂಗಾಲು ಎತ್ತಿ ನೆಲಕ್ಕೆ ಬಡಿದಳು. ಧಪ್, ಧಪ್, ಧಪ್. ಕಲ್ಲು ದನಿಯನ್ನು ಕದಿಯಬಲ್ಲದು, ನೆಲವನ್ನು ನಡುಗಿಸಲಾರದು. ಮಲ್ಲೇಶಿಯ ಗೊರಸಿಗೆ ಆ ನಡುಕ ತಾಗಿತು. ಅವನು ತಿರುಗಿದ. ಆದರೆ ನಿಂತದ್ದೇ ಹುದುಲಿನ ಅಂಚಿನಲ್ಲಿ; ತಿರುಗುವಷ್ಟರಲ್ಲಿ ಎದೆಮಟ್ಟ ಹೂತಿದ್ದ.

ಕೆಂಚನೂ ಉಳಿದವರೂ ಓಡಿ ಬಂದರು. ಮಲ್ಲೇಶಿಯ ಕೊಂಬಿಗೆ ಬಳ್ಳಿ ಸಿಕ್ಕಿಸಿ ಎಳೆದರು. ಅವನು ಮೇಲೆ ಬಂದಾಗ ಮಂಜು ಹರಿಯುತ್ತಿತ್ತು. ಹುದುಲಿನ ತನಕ ಗೊರಸಿನ ಗುರುತುಗಳಿದ್ದವು. ಅಲ್ಲಿಂದಾಚೆ ಹಸಿರು ಹುಲ್ಲು, ಏನೂ ಆಗಿಲ್ಲವೆಂಬಂತೆ ತೂಗುತ್ತಿತ್ತು.

ಮಲ್ಲೇಶಿ ಕೆಸರು ಒರೆಸಿಕೊಳ್ಳಲಿಲ್ಲ. ಹುದುಲಿಗೆ ಮುಖ ಮಾಡಿ ಮೆಲ್ಲಗೆ ಕರೆದ. “ನೀಲವ್ವಾ. ಗುರಸಿದ್ದಾ. ಬಾಳವ್ವಾ. ಕರಿಬಸೂ.”

ಆ ಹೆಸರುಗಳನ್ನು ಕರಿಕಲ್ಲುಕಾಡು ಕೇಳಿದ್ದು ಅದೇ ಮೊದಲು. ನೇರಳೆಕಾಡಿನವರು ಗೆದ್ದಿದ್ದರು, ಆದರೆ ಯಾರೂ ಕುಣಿಯಲಿಲ್ಲ. ನೀರಿನ ಮಾತನ್ನೂ ಎತ್ತಲಿಲ್ಲ.

“ಇಲ್ಲೇ ಇದ್ದುಬಿಡು ಮಲ್ಲೇಶಿ” ಎಂದ ಕೆಂಚ, ನೆಲ ನೋಡುತ್ತ.

“ಇಲ್ರಿ. ಊರಾಗ ಅವರ ಅವ್ವಂದಿರು ಕಾಯ್ತಿರ್ತಾರ” ಎಂದ ಮಲ್ಲೇಶಿ. ಆಮೇಲೆ ಮರದ ಕಡೆ ನೋಡಿದ. “ಮಾತು ಕೊಟ್ಟವರು ನೀವು. ಇಳೀರಿ, ನಡೀರಿ.”

ಗವಿಯಪ್ಪ ಮರದಿಂದ ಇಳಿದ. ನಾಲ್ಕು ದಿನದ ದಾರಿಯನ್ನು ನೆಲದ ಮೇಲೇ ನಡೆದ. ಯಾರೂ ಕರೆಯದಿದ್ದರೂ ನಿಂಗಿ ಅವರ ಹಿಂದೆ ಹೋದಳು.

ಬಯಲುಸೀಮೆಯಲ್ಲಿ ಎಲ್ಲವೂ ದೂರದಿಂದಲೇ ಕಾಣುತ್ತದೆ. ಐವರು ಹೋದ ಕಡೆಯಿಂದ ತಮ್ಮವನೊಬ್ಬನೇ ಬರುವುದನ್ನು ಹಿಂಡು ಬಹಳ ಹೊತ್ತಿನಿಂದ ನೋಡುತ್ತ ನಿಂತಿತ್ತು. ಮಲ್ಲೇಶಿ ನಡೆದದ್ದನ್ನೆಲ್ಲ ಹೇಳಿದ. ನೀಲವ್ವನ ತಾಯಿ, ಮುದಿ ಚಿಗರಿ, ಗವಿಯಪ್ಪನ ಮುಂದೆ ಬಂದು ನಿಂತಳು. ಅವನು ತಲೆ ಎತ್ತಲಿಲ್ಲ. ಅವಳು ಅವನನ್ನು ದಾಟಿ ನಿಂಗಿಯ ಹತ್ತಿರ ಬಂದಳು.

“ನೀನು ಅಲ್ಲೇ ಇದ್ದೇನವ್ವಾ?”

“ಇದ್ದೆ.”

“ಕಲ್ಲು ಕೂಗತೈತಿ ಅಂತ ನಿನಗ ಗೊತ್ತಿತ್ತು?”

“ಗೊತ್ತಿತ್ತಮ್ಮ. ಮಲ್ಲೇಶಿ ಬಂದು ಕೇಳಿದ್ದ. ನಾನು ಹೇಳ್ಲಿಲ್ಲ. ನನ್ನ ಜಾಗಕ್ಕೆ ಬಂದ್ರು ಅಂತ ಸಿಟ್ಟಿತ್ತು.”

“ಜಾಗ ಕಸಗೊಂಡವಾ ಈ ಮುಸುವ. ಸಿಟ್ಟು ನನ್ನ ಮಗಳ ಮ್ಯಾಲೆ ಯಾಕವ್ವಾ?”

ನಿಂಗಿ ಅತ್ತಳು. ಮುದಿ ಚಿಗರಿ ಅವರು ಬಂದ ದಾರಿಯತ್ತ ಮುಖ ತಿರುಗಿಸಿದಳು.

“ನಡೀ, ದಾರಿ ತೋರಸು. ನಾ ಹೋಗಿ ಕೂಗತೀನಿ. ನನ್ನ ದನಿ ಕೇಳಿದರ ಬರತಾಳ.”

ಇನ್ನು ಕೂಗಿ ಫಲವಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ನಿಂಗಿ ಮುಂದೆ ನಡೆದಳು. ತಾಯಿ ಅವಳ ಹಿಂದೆ ನಡೆದಳು.

ನೀತಿ: ದೂರದವರನ್ನು ಕರೆತರುವುದು ತಪ್ಪಲ್ಲ, ಮನೆಯವರನ್ನು ತಳ್ಳಿ ಕರೆತರುವುದು ತಪ್ಪು, ಬಂದವರನ್ನು ಹೆಸರು ಹಿಡಿದು ಕೂಗದೆ ಸುಮ್ಮನೆ ಕೂರುವುದು ಅದಕ್ಕಿಂತ ದೊಡ್ಡ ತಪ್ಪು.