ಗೇಣುಗಂಡಿಗೆ ಆ ಹೆಸರು ಬಂದದ್ದು

ಇಂಗ್ಲೆಂಡಿನ ನಡುಸೀಮೆಯಲ್ಲಿ ಹಾರ್ಟ್‌ವೆಲ್ ನಾಲೆ ಎಂಬುದೊಂದಿದೆ. ಅದು ಹರಿಯುತ್ತದೆ ಎನ್ನುವುದಕ್ಕಿಂತ ಬಿಸಿಲು ಕಾಯುತ್ತ ಮಲಗಿದೆ ಎನ್ನುವುದೇ ಸರಿ. ಬೇಸಿಗೆ ಬಂತೆಂದರೆ ಒಬ್ಬಾಳು ಕೈಚಾಚಿದಷ್ಟು ಅಗಲದ, ಹತ್ತಾಳುದ್ದದ ದೋಣಿಮನೆಗಳು ಅದರ ಮೇಲೆ ಸಾಲುಗಟ್ಟುತ್ತವೆ. ಒಳಗೆ ಒಲೆ, ಮಂಚ. ಮೇಲೆ ಬಣ್ಣದ ಹೂಕುಂಡ. ಅವುಗಳ ನಡಿಗೆಯೋ, ದಡದಲ್ಲಿ ನಾಯಿ ಹಿಡಿದು ಹೊರಟ ಮುದುಕರೂ ದಾಟಿ ಮುಂದೆ ಹೋಗುವಷ್ಟು ನಿಧಾನ. ದಿಬ್ಬ ಬಂದಲ್ಲಿ ನಾಲೆಗೆ ಲಾಕ್ ಎಂಬ ನೀರಿನ ಮೆಟ್ಟಿಲು ಕಟ್ಟಿದ್ದಾರೆ. ಎರಡು ಬಾಗಿಲುಗಳ ನಡುವಿನ ಆಳವಾದ ಕಲ್ಲುತೊಟ್ಟಿ ಅದು. ತುಂಬಿಸಿದರೆ ದೋಣಿ ಏರುತ್ತದೆ, ಬರಿದುಮಾಡಿದರೆ ಇಳಿಯುತ್ತದೆ. ನಕ್ಷೆಯಲ್ಲಿ ಹನ್ನೊಂದನೆಯ ಲಾಕ್ ಎಂದಷ್ಟೇ ಬರೆದಿರುವ ಜಾಗವನ್ನು ಸುತ್ತಲಿನ ಊರುಗಳ ಕನ್ನಡಿಗರು ಗೇಣುಗಂಡಿ ಎಂದು ಕರೆಯುತ್ತಾರೆ. ಗಂಡಿ ಇಕ್ಕಟ್ಟಾದ್ದರಿಂದ ಆ ಹೆಸರು ಎಂದು ಓದಿದವರು ಕೆಲವರು ವಾದಿಸುವುದುಂಟು. ಓದಿದ್ದು ಹೆಚ್ಚಾದರೆ ಹೀಗೇ. ಅಲ್ಲಿ ಬಾಗಿಲು ತಳ್ಳುವ ಮರದ ತೊಲೆಯ ಮೇಲೆ ಬಿಳಿ ಬಣ್ಣದಲ್ಲಿ ಮೂಡಿರುವ ಅಗಲಿಸಿದ ಅಂಗೈಯನ್ನು ಅವರು ನೋಡಿಯೇ ಇಲ್ಲ.

ಹಿಂದೆ ಒಮ್ಮೆ, ಈಗ್ಗೆ ನಲವತ್ತು ವರ್ಷಗಳಿರಬಹುದು, ಮಂಡ್ಯದ ಕಡೆಯ ಮಾಯಿಗಯ್ಯ ಎಂಬ ನೀರುಗಂಟಿ ಅಲ್ಲಿಗೆ ಬಂದಿದ್ದನಂತೆ. ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವನ ಅಕ್ಕನ ಮಗಳು ಜಯಮಣಿ, ಸೋದರಮಾವನಿಗೆ ನಾಲೆ ಎಂದರೆ ಪ್ರಾಣವೆಂದು ಅರಿತು, ಬಾಡಿಗೆಯ ದೋಣಿ ಹಿಡಿದು ಗಂಡನೊಡನೆ ಹತ್ತು ದಿನದ ಯಾತ್ರೆ ಕಟ್ಟಿದಳು. ಮೂವತ್ತನಾಲ್ಕು ವರ್ಷ ತೂಬು ಎತ್ತಿ ಇಳಿಸಿದ ಕೈ ಮಾಯಿಗಯ್ಯನದು. ನೀರು ಹಂಚುವುದರಲ್ಲಿ ಅವನ ಮಾತನ್ನು ಗೌಡರೂ ಮೀರುತ್ತಿರಲಿಲ್ಲ. ಅವನದೊಂದು ವ್ರತವಿತ್ತು. ಯಾವ ತೂಬನ್ನೂ ಅವನು ಪೂರ್ತಿ ಮುಚ್ಚಿದವನಲ್ಲ. ಮುಚ್ಚಿ, ಮತ್ತೆ ಗೇಣುದ್ದ ಎತ್ತಿಯೇ ಮನೆಗೆ ಹೋಗುತ್ತಿದ್ದ. ಕಟ್ಟಕಡೆಯ ಗದ್ದೆಯವನಿಗೂ ಒಂದು ಎಳೆ ನೀರು ಹೋಗಲಿ ಎಂಬುದು ಅದರ ಧರ್ಮ. ಹನ್ನೊಂದನೆಯ ಲಾಕಿನಲ್ಲಿ ದೋಣಿ ಇಳಿದಾದ ಮೇಲೆ, ನೀರು ಬಿಡಲು ಬಾಗಿಲುಗಳಲ್ಲಿರುವ ಮೇಲಿನ ತೂಬು, ಕೆಳಗಿನ ತೂಬು ಎರಡನ್ನೂ ಬಿಗಿಯಾಗಿ ಮುಚ್ಚಬೇಕೆಂದು ಜಯಮಣಿ ಹೇಳಿದಾಗ ಅವನು ನಕ್ಕುಬಿಟ್ಟ. “ಮೀನ್ಗೆ ಈಜು ಹೇಳ್ಕೊಡಕ್ ಬಂದ್ಬುಟ್ಲು! ನೀನ್ ಹೋಗವ್ವ, ನಾ ಮುಚ್ಬುಟ್ ಬತ್ತೀನಿ,” ಎಂದು, ತೂಬು ತಿರುಗಿಸುವ ಕಬ್ಬಿಣದ ಹಿಡಿಕೆಯನ್ನು ಅವಳ ಕೈಯಿಂದ ಕಿತ್ತುಕೊಂಡ. ಮುಚ್ಚಿದ. ಆಮೇಲೆ ಎರಡನ್ನೂ ಒಂದೊಂದು ಗೇಣು ಎತ್ತಿದ. ಕೆಳಗಿನವರಿಗೂ ನೀರು ಬೇಡವೇ ಎಂದುಕೊಂಡ. ತಾನು ಪುಣ್ಯದ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ, ಸ್ವಲ್ಪ ಕೆಳಗೆ ಕಟ್ಟಿದ್ದ ದೋಣಿಗೆ ಹೋಗಿ ಮುದ್ದೆ ಉಂಡು ಮಲಗಿದ.

ಬೆಳಗ್ಗೆ ಎದ್ದು ಏರಿ ಹತ್ತಿ ನೋಡಿದರೆ, ಆ ಗೇಣಿನ ಸಂದಿಗಳಿಂದ ರಾತ್ರಿಯಿಡೀ ಸೋರಿ ಮೇಲಿನ ನಾಲೆ ಬರಿದಾಗಿತ್ತು. ಅರ್ಧ ಮೈಲಿಯುದ್ದ ಕಪ್ಪು ಕೆಸರು, ಒದ್ದಾಡುವ ಮೀನು, ವಾಲಿಕೊಂಡ ನಾಲ್ಕು ದೋಣಿ. ಅವುಗಳಲ್ಲಿ ಒಂದು ವಿನ್ನಿ ಎಂಬ ಒಂಟಿ ಮುದುಕಿಯದು. ಅವಳು ಹುಟ್ಟಿದ್ದು ದೋಣಿಯಲ್ಲಿ, ಮದುವೆಯಾದದ್ದು ದೋಣಿಯಲ್ಲಿ, ಗಂಡನನ್ನು ಕಳಿಸಿಕೊಟ್ಟದ್ದೂ ದೋಣಿಯಿಂದ. ಹಿಂದಿನ ಸಂಜೆ ಇವರು ಇಳಿಯುವ ಸ್ವಲ್ಪ ಮುಂಚೆ ಅವಳು ಅದೇ ಲಾಕಿನಿಂದ ಏರಿ ಬಂದಿದ್ದಳು. ಅವಳಿಗೆ ಮರೆವು ಶುರುವಾಗಿದೆಯೆಂದು ಊರಲ್ಲಿ ಗುಸುಗುಸು ಇತ್ತು. ಇನ್ನೊಂದು ತಪ್ಪಾದರೆ ನೀರು ಬಿಟ್ಟು ಸೋದರಳಿಯನ ಮನೆ ಸೇರಬೇಕೆಂದು ನಾಲೆಯ ಕಾವಲುಗಾರ ಆಗಲೇ ಎಚ್ಚರಿಸಿದ್ದ. ಅವನು ಬಂದು ತೂಬು ನೋಡಿ, ಮೊದಲು ಜಯಮಣಿಯನ್ನು ಕೇಳಿದ. ಅವಳು ಹೆಮ್ಮೆಯಿಂದಲೇ, “ನಮ್ಮ ಮಾವ ಮೂವತ್ತನಾಲ್ಕು ವರ್ಷ ಇದೇ ಕೆಲಸ ಮಾಡಿದವರು, ಅವರೇ ಮುಚ್ಚಿದ್ದು,” ಎಂದಳು. ಕಾವಲುಗಾರ ಟೋಪಿ ತೆಗೆದು ಮಾಯಿಗಯ್ಯನಿಗೆ ಗೌರವ ತೋರಿ, ಇವರು ಮುಚ್ಚಿ ಹೋದ ಮೇಲೆ ಮರೆವಿನಲ್ಲಿ ಬಂದು ಮತ್ತೆ ತೂಬು ಎತ್ತಿದವಳು ಮುದುಕಿಯೇ ಇರಬೇಕೆಂದುಕೊಂಡು ವಿನ್ನಿಯ ಕಡೆ ತಿರುಗಿದ.

ಮುದುಕಿ ಜಗಳವಾಡಲಿಲ್ಲ. ಜಗಳವಾಡಿದ್ದರೆ ಮಾಯಿಗಯ್ಯ ಬಾಯಿ ಬಿಡುತ್ತಿದ್ದನೋ ಏನೋ. ಅವಳು ತನ್ನ ಕೈಗಳನ್ನೇ ನೋಡಿಕೊಂಡು, “ನಾನೇ ಇರಬೇಕು. ಮುಚ್ಚಿದ ನೆನಪಿದೆ, ಮತ್ತೆ ಎತ್ತಿದ ನೆನಪಿಲ್ಲ. ಆದರೆ ನನ್ನ ನೆನಪನ್ನು ಈಗ ಯಾರು ನಂಬುತ್ತಾರೆ?” ಎಂದಳಂತೆ. ಸೊಂಟಕ್ಕೆ ಸಿಕ್ಕಿಸಿದ್ದ ತನ್ನ ಹಿಡಿಕೆಯನ್ನು ತೆಗೆದು ಕಾವಲುಗಾರನ ಕೈಗಿಟ್ಟಳು. ಮಾಯಿಗಯ್ಯನಿಗೆ ಇಂಗ್ಲಿಷ್ ಬಾರದು. ಆದರೆ ಹಿಡಿಕೆ ಒಪ್ಪಿಸುವುದು ಎಂದರೇನೆಂದು ಯಾವ ನೀರುಗಂಟಿಗೂ ಬಿಡಿಸಿ ಹೇಳಬೇಕಿಲ್ಲ. ನೆಲ ಬಾಯಿ ಬಿಡಬಾರದೇ ಎನಿಸಿತು ಅವನಿಗೆ. ಆದರೆ ಟೋಪಿ ತೆಗೆದು ತೋರಿದ ಆ ಮರ್ಯಾದೆ ಅವನ ಬಾಯಿಗೆ ಬೀಗ ಹಾಕಿತ್ತು ಎನ್ನುತ್ತಾರೆ.

ದೋಣಿ ಮುಂದೆ ಹೊರಟಿತು. ಎರಡು ದಡದಲ್ಲೂ ಹಸಿರು, ಮರಿಗಳ ಹಿಂಡು ಕಟ್ಟಿಕೊಂಡ ಬಾತು, ಕೈಬೀಸುವ ಜನ. ಅಂಥ ಸುಖದ ಪಯಣ ಅವನಿಗೆ ಮುಳ್ಳಿನ ಮಂಚವಾಯಿತು. ಬಸ್ಸಿನಲ್ಲಾದರೆ ಕಣ್ಣುಮುಚ್ಚಿ ತೆರೆಯುವುದರಲ್ಲಿ ದೂರ ಓಡಬಹುದಿತ್ತು. ಈ ದೋಣಿ ಓಡುವುದೇ ಇಲ್ಲ. ಒಂದೊಂದು ಲಾಕಿನಲ್ಲೂ ಜಯಮಣಿ ಹಿಡಿಕೆ ನೀಡಿದರೆ ಅವನು ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಮೂರನೆಯ ದಿನ ಊಟ ಬಿಟ್ಟ. ಅವಳು ಬಲವಂತ ಮಾಡಿದಾಗ, “ಆ ಅಜ್ಜಿ ಅಲ್ಲ ಕಣವ್ವ, ನಾನು. ಗೇಣು ಎತ್ತಿದ್ದು ನಾನು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಾನು ನನ್ ಮಾನ ಉಳಿಸ್ಕಳಕ್ ಹೋಗಿ ಅವ್ಳ್ ಮಾನ ಕಳ್ದೆ,” ಎಂದು ಮುಖ ಮುಚ್ಚಿಕೊಂಡು ಅತ್ತ. ದೋಣಿಗೆ ಮೂರು ದಿನದ ಆ ದಾರಿಯನ್ನು ಮಾವ ಸೊಸೆ ಮರುದಿನ ಏರಿಯ ಮೇಲೆ ಬೆಳಗಿನಿಂದ ಸಂಜೆಯೊಳಗೆ ನಡೆದು ಮುಗಿಸಿದರು. ನಿಜ ಅಷ್ಟು ಹತ್ತಿರದಲ್ಲೇ ಇತ್ತು.

ವಿನ್ನಿ ಆಗಲೇ ಸೋದರಳಿಯನ ಮನೆ ಸೇರಿದ್ದಳು. ದೋಣಿಯ ಹೂಕುಂಡಗಳು ಬಾಡಿದ್ದವು. ಕಾವಲುಗಾರ ಅವಳನ್ನು ಕರೆಸಿದ. ನೆರೆದವರೆದುರು ಮಾಯಿಗಯ್ಯ ತೂಬನ್ನು ಮುಚ್ಚಿ, ಗೇಣು ಎತ್ತಿ, ತನ್ನ ಎದೆ ಮುಟ್ಟಿ ತೋರಿಸಿ, ಮುದುಕಿಯ ಕಾಲಿಗೆ ಬಿದ್ದ. ಅವಳು ಹಿಡಿದೆತ್ತಿದಳು. “ಹಾಗಾದರೆ ನಾನು ಮರೆತಿರಲಿಲ್ಲ,” ಎಂದು ಚಿಕ್ಕ ಹುಡುಗಿಯಂತೆ ನಕ್ಕಳು. ಆದರೆ ಕಾವಲುಗಾರ ಹಿಡಿಕೆಯನ್ನು ಮರಳಿ ನೀಡಿದಾಗ ಅವಳ ಕೈ ಮುಂದೆ ಬರಲಿಲ್ಲ. “ಈ ನಾಲ್ಕು ದಿನದಲ್ಲಿ ನನ್ನನ್ನು ನಾನೇ ನಂಬದೆ ಇರುವುದನ್ನು ಕಲಿತುಬಿಟ್ಟೆ. ಒಲೆ ಆರಿಸಿ ಮೂರು ಸಲ ಹೋಗಿ ನೋಡುತ್ತೇನೆ. ಆ ಬೆಳಗ್ಗೆಯೇ ಹೇಳಿದ್ದರೆ ಸಾಕಿತ್ತಪ್ಪ,” ಎಂದಳು. ಜಯಮಣಿ ಆ ಮಾತನ್ನು ಕನ್ನಡಕ್ಕೆ ತಿರುಗಿಸುವಾಗ ಕೊನೆಯದನ್ನು ಬಿಟ್ಟಳಂತೆ. ಮಾಯಿಗಯ್ಯ, “ಇನ್ನೊಂದು ಏನೋ ಅಂದ್ಲಲ್ಲ, ಅದ್ನೂ ಹೇಳು,” ಎಂದು ಕೇಳಿ ಹೇಳಿಸಿಕೊಂಡ. ಊರಿಗೆ ಹೊರಡುವ ಮುನ್ನ ತೊಲೆಯ ಮೇಲೆ ತನ್ನ ಬಲಗೈಯನ್ನು ಬಿಳಿ ಬಣ್ಣದಲ್ಲಿ ಒತ್ತಿ ಹೋದ.

ವಿನ್ನಿಯ ಹಿಡಿಕೆ ಇಂದಿಗೂ ಲಾಕಿನ ಕಂಬದ ಮೊಳೆಯಲ್ಲಿ ತೂಗುತ್ತಿದೆ. ತುಕ್ಕು ಹಿಡಿದು ಕೆಂಪಾಗಿದೆ, ಯಾರೂ ಮುಟ್ಟುವುದಿಲ್ಲ. ಅಂಗೈಯ ಗುರುತು ಮಾಸಿದಾಗಲೆಲ್ಲ ಯಾರೋ ಬಣ್ಣ ತುಂಬುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಕುಳಿತು ನೋಡಿದರೆ, ಈ ಕಥೆ ಕೇಳಿದವರು ತೂಬು ಮುಚ್ಚಿ ಹತ್ತು ಹೆಜ್ಜೆ ಹೋಗಿ, ನಿಂತು, ಹಿಂದಿರುಗಿ ಬಂದು ಮತ್ತೆ ನೋಡುವುದು ಕಾಣುತ್ತದೆ. ತೂಬು ಮುಚ್ಚಿಯೇ ಇರುತ್ತದೆ. ಆದರೂ ಬಗ್ಗಿ ನೋಡುತ್ತಾರೆ.